ಸ್ಟ್ರಾಂಗ್ ಅಂದರೆ ಎಷ್ಟು ಸ್ಟ್ರಾಂಗು?

ಚಿಕ್ಕಮಗಳೂರಿನ ನಾಲ್ಕು ಹೋಟೆಲಿಗೆ ಹೋಗಿ "ಒಂದು ಸ್ಟ್ರಾಂಗ್ ಕಾಫಿ" ಅನ್ನಿ. ಒಂದರಲ್ಲಿ ಡಿಕಾಕ್ಷನ್ ಜಾಸ್ತಿ, ಇನ್ನೊಂದರಲ್ಲಿ ಹಾಲು ಕಮ್ಮಿ, ಮೂರನೆಯದರಲ್ಲಿ ಸಕ್ಕರೆಯೇ ಇಲ್ಲ, ನಾಲ್ಕನೆಯದರಲ್ಲಿ ಬಣ್ಣ ಮಾತ್ರ ಕಪ್ಪು. ತಪ್ಪು ಮಾಣಿಯದಲ್ಲ, ಪದದ್ದು.

ಇಂಗ್ಲಿಷಿನಲ್ಲಿ ಸ್ಟ್ರಾಂಗ್ ಕಾಫಿಯ ಎದುರಾಳಿ ವೀಕ್ ಕಾಫಿ. ನಾವು ವೀಕನ್ನು ಜ್ವರ ಬಂದವರಿಗೆ ಬಿಟ್ಟುಕೊಟ್ಟು, ಕಾಫಿಗೆ ಲೈಟ್ ಇಟ್ಟುಕೊಂಡೆವು. ಹಾಗಾಗಿ 'ಲೈಟ್ ರೋಸ್ಟ್' ಪೊಟ್ಟಣ ತಂದು, ರಾತ್ರಿ 10ಕ್ಕೆ ಧೈರ್ಯವಾಗಿ ಕುಡಿದು, ಜಂತೆ ಎಣಿಸುತ್ತ ಮಲಗುವವರಿದ್ದಾರೆ. ಅಲ್ಲಿ ಲೈಟ್ ಅಂದರೆ ಬೀಜ ಕಡಿಮೆ ಹುರಿದಿದೆ ಅಂತಷ್ಟೇ. ನಿದ್ದೆಗೆಡಿಸುವ ಕೆಫೀನ್ ಎಲ್ಲೂ ಹೋಗಿಲ್ಲ.

ಬಣ್ಣ ನಂಬುವುದು ಇನ್ನೂ ದೊಡ್ಡ ಮೋಸ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಪ್ಪು, ಮಂದ, ಕಹಿ, ಕೆಫೀನ್ ಸೊನ್ನೆ. ಕಾಫಿಪುಡಿಯಲ್ಲಿ ಇದು 49% ತನಕ ಇರಬಹುದು, ಪ್ರಮಾಣ ಪೊಟ್ಟಣದ ಮೇಲೇ ಇರುತ್ತದೆ. ನಿದ್ದೆ ಓಡಿಸುವ ಸ್ಟ್ರಾಂಗ್ ಬೇಕಿದ್ದರೆ ರೋಬಸ್ಟಾ ಜಾತಿಯ ಕಾಫಿ ಕೇಳಿ: ಇನ್ನೊಂದು ಜಾತಿಯಾದ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್. ಘಮ ಬೇಕಿದ್ದರೆ ಮಾತ್ರ ಬಾಬಾಬುಡನ್‌ಗಿರಿ ಕಡೆಯ ಅರೇಬಿಕಾವೇ ಸೈ.

ಮನೆಯಲ್ಲಿ ಸ್ಟ್ರಾಂಗ್ ಮಾಡಹೊರಟವರು ಎಡವುವುದು ಫಿಲ್ಟರಿನಲ್ಲಿ. ತೂತಿನ ಬಟ್ಟಲಿಗೆ 3 ದೊಡ್ಡ ಚಮಚ ತುಂಬ ಪುಡಿ, ಮೇಲೆ ಕೊಡೆಯಂಥ ತಟ್ಟೆ ಇಟ್ಟು ಹಗುರವಾಗಿ ಒತ್ತಿ, ಕುದಿ ನಿಂತ ನೀರು ಮುಕ್ಕಾಲು ಲೋಟ, ಮುಚ್ಚಳ, 15 ನಿಮಿಷ. ಇಷ್ಟೇ. ಆದರೆ "ಸ್ಟ್ರಾಂಗ್ ಬರಲಿ" ಅಂತ ಹಲ್ಲು ಕಚ್ಚಿ ಒತ್ತಿದರೆ, ಅಥವಾ ಪುಡಿ ಮೈದಾದಷ್ಟು ನುಣ್ಣಗಿದ್ದರೆ, ತೂತು ಕಟ್ಟಿ ನೀರು ಮೇಲೇ ಠಿಕಾಣಿ ಹೂಡುತ್ತದೆ. ಆಗ ಸೌಟು ಹಿಡಿದು ಫಿಲ್ಟರಿನ ತಲೆಗೆ ಕುಟ್ಟುವ ಸದ್ದು ಪಕ್ಕದ ಮನೆಯವರಿಗೆ ಅಲಾರಂ. ಕುಟ್ಟಿದರೆ ಪುಡಿಯೂ ಜೊತೆಗಿಳಿದು ಲೋಟದ ತಳದಲ್ಲಿ ಕೆಸರುಗದ್ದೆ. ಕೊಡೆಯನ್ನು ಮೆಲ್ಲಗೆ ತುಸು ಎತ್ತಿ ಬಿಟ್ಟರೆ ಸಾಕು. ಇಳಿದದ್ದು ಆರಿತೆಂದು ಡಿಕಾಕ್ಷನ್ನನ್ನೇ ಒಲೆಗಿಟ್ಟರೆ ಒಗರು ಕಹಿ ಏಳುತ್ತದೆ, ಅದಕ್ಕೂ ನಮ್ಮವರ ಬಾಯಲ್ಲಿ ಸ್ಟ್ರಾಂಗ್ ಅಂತಲೇ ಹೆಸರು. ಕುದಿಸಬೇಕಾದ್ದು ಹಾಲನ್ನು.

ಇದೇ ಪದವನ್ನು ಆಷಾಢದ ಮಳೆಗೂ ಹಚ್ಚಿ 'ಸ್ಟ್ರಾಂಗ್ ರೇನ್' ಅನ್ನುವವರುಂಟು. ಇಂಗ್ಲಿಷಿನಲ್ಲಿ ಗಾಳಿ ಸ್ಟ್ರಾಂಗು, ಮಳೆ ಹೆವಿ. ಯಾಕೆ ಅಂತ ಕೇಳುವ ಹಾಗಿಲ್ಲ; ನಮ್ಮಲ್ಲೂ ಮಳೆ ಜೋರು, ಬಿಸಿಲು ಚುರುಕು, ಕಾಫಿ ಗಟ್ಟಿ. ಅದಲುಬದಲು ಮಾಡಿ ನೋಡಿ.

ಹೋಟೆಲಿನಲ್ಲಿ ಬಚಾವಾಗಲು ಬಿಡಿಸಿ ಹೇಳುವುದೇ ದಾರಿ: "ಡಿಕಾಕ್ಷನ್ ಜಾಸ್ತಿ, ಹಾಲು ಕಮ್ಮಿ, ಸಕ್ಕರೆ ಅರ್ಧ ಚಮಚ." ಮಾಣಿ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಒಳಕ್ಕೆ ತಿರುಗಿ ಕೂಗುತ್ತಾನೆ:

"ಒಂದು ಸ್ಟ್ರಾಂಗ್!"