ಸಂಬಳ ಯಾರ ಕೈಗೆ?

ಈ ಸಲದ ಪ್ರಶ್ನೆ: ಮದುವೆಯಾಗದೆ ಅಪ್ಪ-ಅಮ್ಮನ ಜೊತೆಗಿರುವ, ದುಡಿಯುವ ಮಕ್ಕಳು ಸಂಬಳವನ್ನು ಮನೆಯ ಹಿರಿಯರ ಕೈಗೆ ಕೊಡಬೇಕೇ? ಪರವಾಗಿ ಬರೆದವರು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೈರಿ ಕಾರ್ಯದರ್ಶಿ. ವಿರೋಧವಾಗಿ ಬರೆದವರು ಕೋಲಾರ ತಾಲ್ಲೂಕಿನವರು. ವಯಸ್ಸು 24, ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ.

ಪರ: ಒಂದು ಮನೆಗೆ ಒಂದೇ ಗಲ್ಲಾ

ಮೂವತ್ತಮೂರು ವರ್ಷದಿಂದ ನಮ್ಮೂರ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಿದ್ದೇನೆ. ಯಾರ ಹಸು ಯಾವಾಗ ಕರು ಹಾಕಿತು, ಯಾರ ಹಾಲಿಗೆ ಫ್ಯಾಟ್ ಬರುತ್ತಿಲ್ಲ ಅನ್ನುವುದಷ್ಟೇ ಅಲ್ಲ, ಯಾರ ಮನೆಯಲ್ಲಿ ದುಡ್ಡು ಮುಗಿದಿದೆ ಅನ್ನುವುದೂ ನನಗೇ ಮೊದಲು ಗೊತ್ತಾಗುತ್ತದೆ. ಬಟವಾಡೆಗೆ ಇನ್ನೂ ನಾಲ್ಕು ದಿನ ಇರುವಾಗ ಕ್ಯಾನು ತೊಳೆಯುವ ನೆಪದಲ್ಲಿ ಹಿಂದೆ ಉಳಿದು, "ಅಣ್ಣಾ, ಒಂದು ಐನೂರು ಮುಂಗಡ ಇದ್ರೆ ನೋಡು" ಎಂದು ಮೆಲ್ಲಗೆ ಕೇಳುತ್ತಾರೆ. ಮುಂಚೆ ಹದಿನೈದು ದಿನಕ್ಕೊಮ್ಮೆ ನೋಟು ಎಣಿಸಿ ಕೈಗೆ ಕೊಡುತ್ತಿದ್ದೆವು. ಈಗ ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ಆದರೆ ಮುಂಗಡ ಕೇಳುವವರು ಮಾತ್ರ ಅವರೇ.

ಇಷ್ಟು ವರ್ಷ ನೋಡಿದ್ದರಿಂದ ಹೇಳುತ್ತೇನೆ. ದುಡಿಮೆ ಕಡಿಮೆಯಾಗಿ ಕೆಟ್ಟ ಮನೆಗಳಿಗಿಂತ, ದುಡ್ಡು ಎರಡು ಕಡೆ ಹರಿದು ಕೆಟ್ಟ ಮನೆಗಳೇ ಜಾಸ್ತಿ.

ನಮ್ಮ ಬೀದಿಯಲ್ಲೇ ಒಂದು ಮನೆ. ಅಪ್ಪ ಬೋರ್‌ವೆಲ್ ಕೊರೆಸಲು ಎರಡು ಲಕ್ಷ ಕೈಸಾಲ ಮಾಡಿದ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ನಮ್ಮ ಕಡೆ ನೂರಕ್ಕೆ ಮೂರು ಅಂದರೆ ತಿಂಗಳಿಗೆ, ವರ್ಷಕ್ಕಲ್ಲ. ಸಾವಿರದ ಇನ್ನೂರು ಅಡಿ ಇಳಿಸಿದರೂ ಬಂದದ್ದು ಒಂದೂವರೆ ಇಂಚು ನೀರು. ತಿಂಗಳಿಗೆ ಆರು ಸಾವಿರ ಬರೀ ಬಡ್ಡಿಗೆ ಹೋಗುತ್ತದೆ, ಅಸಲು ಕದಲಿಲ್ಲ. ಅದೇ ಮನೆಯ ಮಗ ಕಾರ್ಖಾನೆಗೆ ಹೋಗುತ್ತಾನೆ. ಒಳ್ಳೆಯ ಹುಡುಗ, ಕುಡಿಯಲ್ಲ, ಇಸ್ಪೀಟು ಆಡಲ್ಲ. ತಿಂಗಳಿಗೆ ನಾಲ್ಕು ಸಾವಿರ ಆರ್‌ಡಿ ಕಟ್ಟುತ್ತಾನೆ. ವರ್ಷಕ್ಕೆ ಆರೋ ಏಳೋ ಪರ್ಸೆಂಟ್ ಬಡ್ಡಿ. ಈಗ ಲೆಕ್ಕ ಹಾಕಿ. ರೂಮಿನಲ್ಲಿ ಮಲಗುವ ಮಗನ ದುಡ್ಡು ವರ್ಷಕ್ಕೆ ನೂರಕ್ಕೆ ಏಳು ತರುತ್ತದೆ. ಜಗಲಿ ಮೇಲೆ ಮಲಗುವ ಅಪ್ಪನ ಸಾಲ ವರ್ಷಕ್ಕೆ ನೂರಕ್ಕೆ ಮೂವತ್ತಾರು ತಿನ್ನುತ್ತದೆ. ನಡುವೆ ಇರುವುದು ಒಂದು ಬಾಗಿಲು! ಮಗನ ಆರ್‌ಡಿ ಅಪ್ಪನಿಗೆ ಗೊತ್ತಿಲ್ಲ, ಅಪ್ಪನ ಬಡ್ಡಿ ಮಗನಿಗೆ ಗೊತ್ತಿಲ್ಲ. ಇಬ್ಬರದೂ ನನಗೆ ಗೊತ್ತು. ನಾನು ಹೇಳುವ ಹಾಗಿಲ್ಲ.

ಇದನ್ನು ಯಾವ ಬ್ಯಾಂಕಿನವರಾದರೂ ಸರಿ ಅಂತಾರಾ? ಮೊದಲು ಮೂವತ್ತಾರರ ತೂತು ಮುಚ್ಚಬೇಕು. ಏಳರ ಗಂಟು ಆಮೇಲೆ ಕಟ್ಟಬಹುದು. ಅದಕ್ಕೆ ಎಲ್ಲ ದುಡ್ಡೂ ಒಬ್ಬರ ಕಣ್ಣಿಗೆ ಕಾಣಬೇಕು.

ಮನೆ ಅಂದರೆ ಒಂದೇ ವಯಸ್ಸಿನವರ ಹಾಸ್ಟೆಲ್ ಅಲ್ಲ. ಇಪ್ಪತ್ತೆರಡರ ಹುಡುಗನಿಗೆ ಸಂಬಳ ಇರುತ್ತದೆ, ಹೊರೆ ಇರಲ್ಲ. ನಲವತ್ತೆಂಟರ ಅಪ್ಪನಿಗೆ ಒಂದೇ ವರ್ಷದಲ್ಲಿ ಮಗಳ ಕಾಲೇಜು ಫೀಸು, ತಾಯಿಯ ಕಣ್ಣಿನ ಆಪರೇಷನ್, ಸೋರುವ ತಾರಸಿ, ಸಾಲದ್ದಕ್ಕೆ ಮೂರು ಮದುವೆಯ ಮುಯ್ಯಿ. ಯಾರು ಎಷ್ಟು ಮುಯ್ಯಿ ಹಾಕಿದ್ದರೆಂದು ಪುಸ್ತಕ ತೆಗೆದು ನೋಡಿದರೆ ಅದಕ್ಕಿಂತ ಕಮ್ಮಿ ಹಾಕಲು ಮುಖ ಇಲ್ಲ. ಎಪ್ಪತ್ತರ ಅಜ್ಜಿಗೆ ಬೇಕಾಗುವುದು ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಗಳ ಕೈಗೆ ಹಾಕಲು ಹತ್ತು ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಬಿಟ್ಟರೆ ಅವಳಿಗೆ ಇನ್ನೇನಿದೆ? ಒಬ್ಬರಲ್ಲಿ ದುಡ್ಡು ಉಕ್ಕುವ ವಯಸ್ಸಿನಲ್ಲಿ ಇನ್ನೊಬ್ಬರಲ್ಲಿ ಬತ್ತಿರುತ್ತದೆ. ಕಾಲುವೆ ಮಾಡಿ ಇಲ್ಲಿಂದ ಅಲ್ಲಿಗೆ ಹರಿಸುವವರೇ ಯಜಮಾನರು. ಸರ್ಕಾರಕ್ಕೂ ಇದು ಗೊತ್ತು. ಗೃಹಲಕ್ಷ್ಮಿಯ ಎರಡು ಸಾವಿರ ಮನೆ ಯಜಮಾನಿಯ ಖಾತೆಗೆ ಬರುತ್ತದೆಯೇ ಹೊರತು ಮಕ್ಕಳ ಖಾತೆಗಲ್ಲ.

2023ರ ಜುಲೈ ನೆನಪಿದೆ ಅಲ್ವಾ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ರಾತ್ರಿ ಹೊಲಕ್ಕೆ ಕಾವಲು ಹಾಕಿ ಮಲಗಿದ ಕಾಲ ಅದು. ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ಅಜ್ಜಿಯದೇ ಬೀಗದ ಕೈ. ಆಯಮ್ಮ ಮೊದಲು ಅಡ ಇಟ್ಟ ಒಡವೆ ಬಿಡಿಸಿದಳು, ಆಮೇಲೆ ಡ್ರಿಪ್ ಪೈಪು ಹೊಸದು ಹಾಕಿಸಿದಳು, ಉಳಿದದ್ದನ್ನು ಯಾರಿಗೂ ತೋರಿಸಲಿಲ್ಲ. ಇನ್ನೊಂದು ಮನೆಯಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡರು. ಇಬ್ಬರಿಗೂ ಎರಡು ಹೊಸ ಗಾಡಿ. ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ನೆಲ ಕಚ್ಚಿತು. ಗಾಡಿಯ ಕಂತು ಕಚ್ಚಲಿಲ್ಲ.

ಎದುರು ಬರೆಯುವವರು "ಸ್ವಾತಂತ್ರ್ಯ" ಅಂತಾರೆ, ಗೊತ್ತಿದೆ. ಯಾವ ಸ್ವಾತಂತ್ರ್ಯ? ಮೊಬೈಲ್ ಕಂತು ಕಟ್ಟುವ ಸ್ವಾತಂತ್ರ್ಯ. ಶನಿವಾರ ಹೈವೇ ಪಕ್ಕ ಬಿರಿಯಾನಿ ತಿನ್ನುವ ಸ್ವಾತಂತ್ರ್ಯ. ಇಪ್ಪತ್ತನೇ ತಾರೀಖಿಗೆ ಅಮ್ಮನ ಹತ್ತಿರ ಪೆಟ್ರೋಲಿಗೆ ಕೈಚಾಚುವ ಸ್ವಾತಂತ್ರ್ಯ.

ನನ್ನ ಕಥೆ ಹೇಳಿಬಿಡುತ್ತೇನೆ. ಡೈರಿಗೆ ಸೇರಿದಾಗ ನನ್ನ ಸಂಬಳ 350 ರೂಪಾಯಿ. ಮೊದಲ ಸಂಬಳ ಅಪ್ಪನ ಮುಂದಿಟ್ಟೆ. ಅಪ್ಪ ಎರಡು ಸಲ ಎಣಿಸಿದ. ಎಣಿಸಿ, ಒಂದು ಹತ್ತರ ನೋಟು ತೆಗೆದು ನನ್ನ ಕಡೆ ತಳ್ಳಿದ. "ಬಸ್ಸಿಗೆ ಇಟ್ಕೋ" ಅಂದ. ನಾನು ಬಸ್ಸಿಗೆ ಹೋಗುವವನೇ ಅಲ್ಲ, ಡೈರಿ ನಮ್ಮ ಮನೆಯಿಂದ ಕೂಗಳತೆ. ಆ ಹತ್ತು ರೂಪಾಯಿ ಎಷ್ಟೋ ದಿನ ಅಂಗಿ ಜೇಬಿನಲ್ಲೇ ಇತ್ತು, ಒಗೆಯುವಾಗ ಅಮ್ಮ ತೆಗೆದು ಗೂಡಿನಲ್ಲಿ ಇಡುತ್ತಿದ್ದಳು. ಹೀಗೆ ನಾಲ್ಕು ವರ್ಷ ಕೊಟ್ಟೆ. ಅಕ್ಕನ ಮದುವೆಗೆ ಬೇರೆ ಸಾಲ ಬೇಕಾಗಲಿಲ್ಲ. ಹಾಗೆ ನೋಡಿದರೆ ಸ್ವಲ್ಪ ಬೇಕಾಯಿತು. ಯಾಕೆಂದರೆ ಅದರಲ್ಲಿ ಆರು ಸಾವಿರವನ್ನು ಅಪ್ಪ ಸೋದರಮಾವನಿಗೆ ಕೈಸಾಲ ಕೊಟ್ಟಿದ್ದ, ಅದು ವಾಪಸ್ ಬರಲಿಲ್ಲ. ಹಿರಿಯರೂ ತಪ್ಪು ಮಾಡುತ್ತಾರೆ ಅಂತ ನೀವು ಹೇಳಬಹುದು. ಅದು ಬೇರೆ ಮಾತು. ಮಾವ ನೆಂಟ, ಕೇಳಿದ, ಅಪ್ಪ ಕೊಟ್ಟ.

ಹೆಣ್ಣುಮಕ್ಕಳ ಸಂಬಳದ ವಿಷಯವನ್ನೂ ಕೆಲವರು ಎತ್ತುತ್ತಾರೆ. ಮದುವೆಯಾಗಿ ಹೋಗುವವಳು ದುಡಿದು ತವರಿಗೆ ಕೊಟ್ಟು ಬರಿಗೈಯಲ್ಲಿ ಹೋಗಬೇಕಾ ಅಂತ. ಬರಿಗೈ ಯಾಕೆ, ಒಡವೆ ಹಾಕಿ ಕಳಿಸುತ್ತೇವಲ್ಲ! ಅದನ್ನು ಇಲ್ಲಿ ಎಳೆದಾಡುವುದು ಬೇಡ.

ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ತಿಂಗಳ ಎರಡನೇ ತಾರೀಖು ಎಂಟು ಸಾವಿರ ಫೋನ್‌ಪೇ ಮಾಡುತ್ತಾನೆ. ಒಂದು ತಿಂಗಳೂ ತಪ್ಪಿಸಿಲ್ಲ. ಅವನ ಸಂಬಳ ಎಷ್ಟು ಅಂತ ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ವಿರೋಧ: ಮೆಸೇಜ್ ಯಾರ ಫೋನಿಗೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಬಳ ಮನೆಗೇ ಕೊಡುತ್ತೇನೆ. "ಪರ ಬರೆಯೋಕೆ ಆಗಲೇ ಒಬ್ರು ಸಿಕ್ಕಿದ್ದಾರೆ, ನೀವು ವಿರೋಧ ಬರೀರಿ" ಅಂದರು. ಸರಿ ಅಂದೆ. ಪರ ಬರೆದಿದ್ದನ್ನು ನನಗೆ ತೋರಿಸಿಲ್ಲ. ಡೈರಿ ಕಾರ್ಯದರ್ಶಿ ಎಂದಷ್ಟೇ ಗೊತ್ತು. ಹಾಗಾದರೆ ಅದರಲ್ಲಿ ಟೊಮೆಟೊ ಇದ್ದೇ ಇರುತ್ತದೆ.

ಬರೆಯಬೇಕಾದ ಕಾರಣಗಳನ್ನು ಮೊದಲು ಬರೆದು ಮುಗಿಸುತ್ತೇನೆ. ದುಡ್ಡು ಬೆಳೆಯೋಕೆ ವರ್ಷ ಬೇಕು. ವರ್ಷಗಳು ಜಾಸ್ತಿ ಇರೋದು ನಮ್ಮ ವಯಸ್ಸಿನವರ ಹತ್ತಿರ. ತಿಂಗಳಿಗೆ ಮೂರು ಸಾವಿರ ಪಿಪಿಎಫ್ (ಸರ್ಕಾರದ ಉಳಿತಾಯ ಯೋಜನೆ) ಕಟ್ಟಿ, ಬಡ್ಡಿ ವರ್ಷಕ್ಕೆ ನೂರಕ್ಕೆ 7.1 ಅಂತ ಹಿಡಿದರೆ, 15 ವರ್ಷಕ್ಕೆ ನಾವು ಕಟ್ಟಿದ 5 ಲಕ್ಷದ 40 ಸಾವಿರ 9 ಲಕ್ಷ ದಾಟುತ್ತದೆ. ಇಪ್ಪತ್ನಾಲ್ಕಕ್ಕೆ ಶುರು ಮಾಡಿದರೆ ಮೂವತ್ತೊಂಬತ್ತಕ್ಕೆ ಕೈಯಲ್ಲಿರುತ್ತದೆ. ಹಿರಿಯರ ಕೈಗೆ ಕೊಟ್ಟರೆ ಅದು ಚೀಟಿಗೆ ಹೋಗುತ್ತದೆ, ಇಲ್ಲವೇ ಮುಯ್ಯಿಗೆ, ಇಲ್ಲವೇ ಇನ್ನೊಂದು ಬೋರಿಗೆ. ಸಾಲ ಇರುವ ಮನೆಯಲ್ಲಿ ಮೊದಲು ಸಾಲ ತೀರಿಸಬೇಕು ಅಂತಾರೆ. ಸಾಲ ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ? ಅದು ತೀರಲಿ ಅಂತ ಕಾದರೆ ನಮಗೂ ಐವತ್ತಾಗುತ್ತದೆ. ಇನ್ನು ಚಿಕ್ಕಮ್ಮನ ಕಥೆ. ಮದುವೆಗೆ ಮುಂಚೆ ಆರು ವರ್ಷ ಗಾರ್ಮೆಂಟ್ಸಿಗೆ ಹೋದಳು, ಎಲ್ಲಾ ಮನೆಗೇ ಕೊಟ್ಟಳು, ಮದುವೆಯಲ್ಲಿ ಎರಡು ಬಳೆ ಬಂತು. ಆ ಬಳೆ ಎಲ್ಲಿದೆ ಅಂತ ಬರೆದರೆ ಮನೆಯಲ್ಲಿ ಜಗಳ ಆಗುತ್ತದೆ, ಬಿಡಿ.

ನನಗೆ ನಿಜವಾಗಿ ಹೇಳಬೇಕಿರುವುದು ಫೋನ್ ನಂಬರಿನ ವಿಷಯ.

ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆಂದು ನನ್ನ ಹೆಸರಲ್ಲಿ ಖಾತೆ ತೆಗೆಸಿದರು. ಆಗ ನನ್ನ ಹತ್ತಿರ ಫೋನ್ ಎಲ್ಲಿತ್ತು? ಅಪ್ಪನ ನಂಬರ್ ಕೊಟ್ಟರು. ಆಧಾರಿಗೂ ಅದೇ ನಂಬರ್. ಕೆಲಸಕ್ಕೆ ಸೇರಿದಾಗ ಕಂಪನಿಯವರು ಅದೇ ಪಾಸ್‌ಬುಕ್ ಜೆರಾಕ್ಸ್ ಸಾಕು ಅಂದರು. ಹೀಗಾಗಿ ದುಡಿಯುವುದು ನಾನು, "ಕ್ರೆಡಿಟ್ ಆಗಿದೆ" ಅನ್ನುವ ಮೆಸೇಜ್ ಬರುವುದು ಅಪ್ಪನಿಗೆ. ತಿಂಗಳ ಕೊನೆಗೆ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅಪ್ಪ, "ಈ ಸಲ ಓಟಿ ಕಮ್ಮಿ ಬಂದಂಗಿದೆಯಲ್ಲಮ್ಮ" ಅಂತಾರೆ. ನನಗೇ ಇನ್ನೂ ಗೊತ್ತಿರಲ್ಲ.

ಬ್ಯಾಂಕಿನಲ್ಲಿ ಯಾವ ನಂಬರ್ ಇದೆಯೋ ಆ ಸಿಮ್ ಇರುವ ಫೋನಿನಲ್ಲೇ ಫೋನ್‌ಪೇ ಆಗೋದು. ಹಾಗಾಗಿ ನನ್ನ ಖಾತೆಯ ಫೋನ್‌ಪೇ ಅಪ್ಪನ ಫೋನಿನಲ್ಲಿದೆ. ನಮ್ಮ ಲೈನಿನ ಹುಡುಗೀರೆಲ್ಲ ಪಾನಿಪುರಿ ಗಾಡಿಯಲ್ಲಿ ಸ್ಕ್ಯಾನ್ ಮಾಡುತ್ತಾರೆ. ನಾನು ಅಮ್ಮ ಕೊಟ್ಟ ನೂರರ ನೋಟು ಮುರಿಸಿ ಚಿಲ್ಲರೆ ಎಣಿಸುತ್ತೇನೆ. ಎಟಿಎಂ ಕಾರ್ಡ್ ನನ್ನ ಹತ್ತಿರ ಇದೆ, ಅದಕ್ಕೆ ಯಾರೂ ಬೇಡ ಅಂದಿಲ್ಲ. ಒಂದು ದಿನ ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಐನೂರು ತೆಗೆದೆ. ಮಷಿನ್ನಿನಿಂದ ಕಾರ್ಡ್ ಎಳೆದುಕೊಂಡೆ ಅಷ್ಟೇ, ಫೋನ್ ಬಂತು. "ಯಾಕಮ್ಮ, ಏನಾಯ್ತು? ಹುಷಾರಿದ್ದೀಯ ತಾನೇ?" ಅಪ್ಪ ಬೈಯಲಿಲ್ಲ. ಗಾಬರಿಯಾಗಿದ್ದರು. ಗೆಳತಿಯ ಹುಟ್ಟುಹಬ್ಬಕ್ಕೆ ಅಂತ ಹೇಳೋಕೆ ನನಗೆ ನಾಚಿಕೆಯಾಯಿತು. ಹಲ್ಲು ನೋವು ಅಂದೆ. ಆಮೇಲೆ ಒಂದು ವಾರ ಮನೆಯಲ್ಲಿ ಉಪ್ಪು ನೀರು ಮುಕ್ಕಳಿಸಿದೆ.

ಪಿಎಫ್ ಒಂದಾದರೂ ನನ್ನದು ಅಂದುಕೊಂಡಿದ್ದೆ. ಬೇಸಿಕ್‌ನಲ್ಲಿ ನೂರಕ್ಕೆ ಹನ್ನೆರಡು ಸಂಬಳ ಬರುವ ಮುಂಚೆಯೇ ಕಟ್ ಆಗುತ್ತದೆ, ಯಾರ ಕೈಗೂ ಸಿಗಲ್ಲ. ಎಷ್ಟಾಗಿದೆ ನೋಡೋಣ ಅಂತ ಊಟದ ಬ್ರೇಕಿನಲ್ಲಿ ಕೂತರೆ ಓಟಿಪಿ ಬೇಕು. ಓಟಿಪಿ ಹೋಗಿದ್ದು ಅಪ್ಪನಿಗೆ. ಅಪ್ಪ ಹೊಲದಲ್ಲಿ, ಕೈಯೆಲ್ಲಾ ಔಷಧಿ. ಪಕ್ಕದ ಹೊಲದ ಹುಡುಗನನ್ನು ಕೂಗಿ ಓದಿಸಿದರು. ಅವನು ಇಂಗ್ಲಿಷಿನಲ್ಲಿ ಸೆವೆನ್ ಅಂದ, ಅಪ್ಪ ಒಂದು ಅಂದರು. "ಒಂದಾ ಏಳಾ ಅಪ್ಪಾ?" ಅಂತ ನಾನು ಕ್ಯಾಂಟೀನಿನಲ್ಲಿ ಕೂಗುತ್ತಿದ್ದೇನೆ, ಸೂಪರ್‌ವೈಸರ್ ತಿರುಗಿ ನೋಡುತ್ತಿದ್ದಾರೆ. ಸರಿಯಾದ ನಂಬರ್ ಬರುವ ಹೊತ್ತಿಗೆ ಟೈಮ್ ಮುಗಿದಿತ್ತು, ಬ್ರೇಕೂ ಮುಗಿದಿತ್ತು. ಎಷ್ಟಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ದುಡ್ಡು ಕೊಡೋದು ಬೇಡ ಅಂತ ನಾನು ಹೇಳುತ್ತಿಲ್ಲ. ತಮ್ಮನ ಡಿಪ್ಲೊಮಾ ಫೀಸು ನನ್ನ ಸಂಬಳದಿಂದಲೇ ಹೋಗುತ್ತದೆ. ಅದನ್ನು ಕಟ್ಟಿದ ದಿನ ನನಗೆ ಖುಷಿಯಾಗುತ್ತದೆ, ಸುಳ್ಳು ಯಾಕೆ. ಆದರೆ ನಾನು ಕೊಟ್ಟರೆ ಕೊಟ್ಟ ಹಾಗೆ. ಈಗ ಆಗುತ್ತಿರುವುದು ಕೊಡೋದಲ್ಲ. ಅದು ನನ್ನ ಕೈಗೆ ಬಂದೇ ಇಲ್ಲ.

ನಂಬರ್ ಬದಲಾಯಿಸುವ ಅರ್ಜಿಯನ್ನು ಹೋದ ತಿಂಗಳೇ ಬ್ಯಾಂಕಿನಿಂದ ತಂದಿದ್ದೇನೆ. ಅಪ್ಪನ ಸಹಿ ಬೇಕಾ ಅಂತ ಕೇಳಿದೆ. "ಮೇಜರ್ ಅಲ್ವೇನ್ರೀ, ನಿಮ್ಮ ಸಹಿ ಸಾಕು" ಅಂದರು ಕೌಂಟರಿನಲ್ಲಿದ್ದ ಮೇಡಂ. ಅರ್ಜಿ ತುಂಬಿ ಟಿಫಿನ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟೆ. ಸೆಕೆಂಡ್ ಶಿಫ್ಟ್ ಇದ್ದ ಶನಿವಾರ ಬೆಳಗ್ಗೆ ಕೊಡೋಣ ಅಂತ ಮನೆಯಲ್ಲಿ ಹೇಳದೆ ಹೋದೆ. ಬಾಗಿಲು ಹಾಕಿತ್ತು. ಎರಡನೇ ಶನಿವಾರ ಅಂತ ಆಮೇಲೆ ನೆನಪಾಯಿತು.