ಪರಸಿ ಕಲ್ಲಿನ ಗೆರೆ ಮತ್ತು ಅಪ್ಪನ ಹೆಜ್ಜೆ

ಅಪ್ಪ ಬಚ್ಚಲ ಬಾಗಿಲಲ್ಲಿ ಬಿದ್ದ ದಿನ ಮನೆಯವರೆಲ್ಲ ಸೇರಿ ಒಂದೇ ಮಾತು ಹೇಳಿದ್ವಿ. "ಅಪ್ಪಾ, ಇನ್ನ ನೀ ಏಳಬ್ಯಾಡ. ಏನ್ ಬೇಕೋ ಕುಂತಲ್ಲೇ ಕೇಳು." ನೀರು ಕುಂತಲ್ಲಿಗೇ ಬಂತು. ಊಟ ಕುಂತಲ್ಲಿಗೇ ಬಂತು. ಪೇಪರು, ಚಾಳೀಸು, ಫೋನು, ಎಲ್ಲಾನೂ. ನಾವು ಬಹಳ ಚೆನ್ನಾಗಿ ನೋಡಿಕೊಳ್ತಿದ್ದೀವಿ ಅಂತ ನಮಗೇ ಹೆಮ್ಮೆ. ಅಪ್ಪನ ಕಾಲನ್ನು ನಾವೇ ಕೈಯಾರೆ ಕೆಡಿಸ್ತಿದ್ದೀವಿ ಅಂತ ಗೊತ್ತಾಗೋಕೆ ಒಂದೂವರೆ ವರ್ಷ ಬೇಕಾಯ್ತು.

ಅಪ್ಪನಿಗೆ ಪಾರ್ಕಿನ್ಸನ್. ನಮ್ಮ ಕಲಬುರಗಿಯಲ್ಲಿ ಜನ ಇದನ್ನು ಕೈ ನಡುಗೋ ರೋಗ ಅಂತಲೇ ಗುರುತಿಸೋದು. ನೋಡೋಕೆ ಬಂದವರೆಲ್ಲ ಮೊದಲು ಕೈ ನೋಡ್ತಾರೆ. ಆದರೆ ಕೈ ನಡುಗಿದ್ದಕ್ಕೆ ಯಾರ ಸೊಂಟವೂ ಮುರಿಯೋದಿಲ್ಲ. ಮುರಿಯೋದು ತೋಲ ತಪ್ಪಿ ಬಿದ್ದಾಗ. 1817ರಲ್ಲಿ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಈ ರೋಗದ ಬಗ್ಗೆ ಬರೆದಾಗಲೇ ಮೈ ಮುಂದಕ್ಕೆ ಬಾಗೋದು, ನಡೀತಾ ನಡೀತಾ ಓಟಕ್ಕೆ ಬೀಳೋದು ಎರಡನ್ನೂ ಬರೆದಿದ್ದರು. ಅವರು ಬರೆದದ್ದು ಬರೀ 6 ಜನರ ಬಗ್ಗೆ. ಅದರಲ್ಲೂ ಕೆಲವರನ್ನು ನೋಡಿದ್ದು ಬೀದಿಯಲ್ಲಿ! ನಮ್ಮೂರ ಸೂಪರ್ ಮಾರ್ಕೆಟ್ ಹತ್ತಿರ ಸಂಜೆ ಒಂದು ತಾಸು ನಿಂತರೆ ನಿಮಗೂ ಒಬ್ಬರಾದರೂ ಕಾಣಿಸ್ತಾರೆ. ಒಂದು ಕೈ ಬೀಸೋದಿಲ್ಲ, ಹೆಜ್ಜೆ ಸಣ್ಣ, ಮುಖದಲ್ಲಿ ನಗು ಕಡಿಮೆ.

ನಾವು ನಡೆಯುವಾಗ ಹೆಜ್ಜೆ ಎಣಿಸೋದಿಲ್ಲ, ಅಲ್ವಾ? ಯಾರಾದರೂ ತಳ್ಳಿದರೆ ಕಾಲು ತಾನೇ ಹಿಂದೆ ಹೋಗಿ ಮೈಯನ್ನು ಹಿಡಿದುಕೊಳ್ಳುತ್ತದೆ. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಕಡಿಮೆ ಆದಾಗ ಈ "ತಾನೇ" ಅನ್ನೋದು ಹೋಗುತ್ತದೆ. ಪ್ರತಿ ಹೆಜ್ಜೆಯನ್ನೂ ನೆನಪು ಮಾಡಿಕೊಂಡು ಇಡಬೇಕು. ಈ ರೋಗಕ್ಕೆ ಕೊಡೋ ಲೆವೊಡೋಪ ಮಾತ್ರೆ ಮೈ ಬಿಗಿತ ಇಳಿಸುತ್ತದೆ, ನಿಧಾನವಾದ ಕೈಕಾಲನ್ನು ಚುರುಕು ಮಾಡುತ್ತದೆ. ಬ್ಯಾಲೆನ್ಸ್ ವಿಷಯಕ್ಕೆ ಬಂದರೆ ಅದರ ಆಟ ಅಷ್ಟಾಗಿ ನಡೆಯೋದಿಲ್ಲ. ಅದನ್ನು ಅಭ್ಯಾಸ ಮಾಡಿಯೇ ಗಳಿಸಬೇಕು. ಇದನ್ನು ನಮಗೆ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ಒಬ್ಬ ಡಾಕ್ಟರ್ ಚೀಟಿಯ ತುದಿಯಲ್ಲಿ "ಎಕ್ಸರ್‌ಸೈಜ್" ಅಂತ ಒಂದೇ ಪದ ಗೀಚಿ ಕಳಿಸಿದರು. ಯಾವುದು, ಎಷ್ಟು, ಕಲಿಸೋರು ಯಾರು? ಕೇಳೋಷ್ಟರಲ್ಲಿ ಮುಂದಿನ ನಂಬರ್ ಕೂಗಿದ್ದರು. ಇನ್ನೊಂದು ಕಡೆ ಹತ್ತು ದಿನ ಮೊಣಕಾಲಿಗೆ ಕರೆಂಟ್ ಕೊಟ್ಟರು. ಮೊಣಕಾಲು ನೋವೇ ಇರಲಿಲ್ಲ ಅಪ್ಪನಿಗೆ.

ಆಮೇಲೆ ಪರಿಚಯದವರೊಬ್ಬರು ಒಂದು ಗುಂಪಿನ ಬಗ್ಗೆ ಹೇಳಿದರು. ದೊಡ್ಡದೇನಲ್ಲ. ಒಂದು ಓಣಿಯ ಹಳೇ ಸಮುದಾಯ ಭವನ, ವಾರಕ್ಕೆ ಎರಡು ದಿನ, ಬೆಳಿಗ್ಗೆ ಎಂಟಕ್ಕೆ. ಒಬ್ಬ ಫಿಸಿಯೊ ಮೇಡಂ, ಒಂಬತ್ತು ಜನ ರೋಗಿಗಳು, ಅವರ ಮನೆಯವರು. ಅಪ್ಪ ಮೊದಲು ಒಲ್ಲೆ ಅಂದ. "ನಾಕ್ ಮಂದಿ ಮುಂದ ನಡಗಲಿಕ್ಕೆ ನನಗೇನ್ ಹುಚ್ಚ ಹಿಡದದ ಏನು?" ಮೊದಲ ದಿನ ಹೋದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಚಾಚಾ ಒಬ್ಬರ ಕೈಯಲ್ಲಿ ಚಹಾ ಕಪ್ಪು ಬಸಿಯ ಮೇಲೆ ಟಕಟಕ ಅಂತಿತ್ತು. ಅವರು ಅಪ್ಪನ ಕಡೆ ತಿರುಗಿ, "ನಮ್ದು ಬಲಗೈ, ನಿಮ್ದು ಯಾವ್ದು?" ಅಂತ ಕೇಳಿದರು. ಅಪ್ಪ ಜೇಬಿನಿಂದ ಎಡಗೈ ತೆಗೆದ. ಎಷ್ಟೋ ತಿಂಗಳಿಂದ ಆ ಕೈ ಜೇಬಿನಲ್ಲೇ ಇತ್ತು.

ಅಲ್ಲಿ ಮಾಡಿಸೋದು ನೋಡಿದರೆ ಮಕ್ಕಳಾಟ ಅನ್ನಿಸುತ್ತದೆ. ದುಂಡಗೆ ನಿಲ್ಲಿಸ್ತಾರೆ. ಎಲ್ಲರ ಮುಂದೆ ಗಟ್ಟಿ ಕುರ್ಚಿ, ಹಿಂದೆ ಮನೆಯವರು ಒಬ್ಬೊಬ್ಬರು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕೋದು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ದೊಡ್ಡ ಹೆಜ್ಜೆ. ಕೈಗೆ ಆಸರೆ ಇಲ್ಲದೆ ಕುರ್ಚಿಯಿಂದ ಏಳೋದು. ಮೊದಲು ಮೂಗು ಕಾಲ್ಬೆರಳಿನ ಮೇಲೆ ಬರೋ ಹಾಗೆ ಬಾಗಬೇಕು, ಆಮೇಲೆ ಏಳಬೇಕು. ಮನೆಯಲ್ಲಿ ನಾವು ರಟ್ಟೆ ಹಿಡಿದು ಮೇಲಕ್ಕೆ ಎಳೀತಿದ್ವಿ, ಅಪ್ಪ ಹಿಂದಕ್ಕೆ ವಾಲ್ತಿದ್ದ. ತಪ್ಪು ನಮ್ಮದು. ಎಣಿಕೆ ಜೋರಾಗಿ ಹೇಳಬೇಕು, ಯಾಕಂದ್ರೆ ಈ ರೋಗದಲ್ಲಿ ದನಿಯೂ ಸಣ್ಣಗಾಗುತ್ತದೆ. ಇದಾದ ಮೇಲೆ ನಡೀತಾ ನಡೀತಾ ನೂರರಿಂದ ಮೂರು ಮೂರು ಕಳೀತಾ ಬರಬೇಕು. ಮಾತು ಮತ್ತು ನಡಿಗೆ ಒಟ್ಟಿಗೆ ಬಂದಾಗಲೇ ಇವರು ಮುಗ್ಗರಿಸೋದು. ಅದಕ್ಕೇ ಅದನ್ನೂ ಕಲೀಬೇಕು. ನಿವೃತ್ತ ಗಣಿತದ ಮಾಸ್ತರರೊಬ್ಬರು ಬಂದು ನಿಂತರೆ ಈ ಆಟದಲ್ಲಿ ಬೇರೆಯವರಿಗೆ ಜಾಗವೇ ಇಲ್ಲ.

ತಿರುಗೋದಕ್ಕೆ ಅರ್ಧ ತಾಸು ಕೊಡ್ತಾರೆ. ಅಪ್ಪ ಬಿದ್ದಿದ್ದು ನಡೆಯುವಾಗ ಅಲ್ಲ, ತಿರುಗುವಾಗ. ಮೈ ತಿರುಗಿತ್ತು, ಕಾಲು ತಿರುಗಿರಲಿಲ್ಲ. ಈಗ ನಿಂತಲ್ಲೇ ಗಿರ್ರನೆ ತಿರುಗೋ ಹಾಗಿಲ್ಲ. ಎತ್ತಿನ ಬಂಡಿ ತಿರುಗೋ ಹಾಗೆ ಅಗಲಕ್ಕೆ ಸುತ್ತಿ ಬರಬೇಕು. ಬಂಡಿಯ ಮಾತು ಮೇಡಂದಲ್ಲ, ಅಪ್ಪಂದೇ.

ಇನ್ನು ಆ ಗೆರೆಯ ವಿಷಯ. ಪಾರ್ಕಿನ್ಸನ್ ಇರೋ ಕೆಲವರಿಗೆ ನಡೀತಾ ಇದ್ದಂಗೇ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಬಾಗಿಲು, ಹೊಸ್ತಿಲು, ಇಕ್ಕಟ್ಟಿನ ಜಾಗ ಬಂದರೆ ಜಾಸ್ತಿ. ಮುಂದೆ ತಳ್ಳಿದರೆ ಬೀಳ್ತಾರೆ. ಆದರೆ ಎದುರಿಗೆ ಒಂದು ಅಡ್ಡಗೆರೆ ಇದ್ದು, "ಅದನ್ನು ದಾಟಿ" ಅಂದರೆ ಎಷ್ಟೋ ಜನರಿಗೆ ಕಾಲು ಏಳುತ್ತದೆ. ತಾನಾಗಿ ಬರೋ ನಡಿಗೆಯ ದಾರಿ ಕೆಟ್ಟಿರುತ್ತದೆ, ಕಣ್ಣಿಗೆ ಕಾಣೋ ಗುರುತು ಬೇರೆ ದಾರಿಯಿಂದ ಹೆಜ್ಜೆ ತರಿಸುತ್ತದೆ. ಬೇರೆ ಊರಲ್ಲಿ ಇದಕ್ಕೆ ನೆಲದ ಮೇಲೆ ಬಣ್ಣದ ಟೇಪು ಅಂಟಿಸ್ತಾರಂತೆ. ನಮ್ಮ ಭವನಕ್ಕೆ ಟೇಪು ಬೇಕಾಗಲಿಲ್ಲ. ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು. ಎರಡು ಕಲ್ಲಿನ ನಡುವೆ ಸಿಮೆಂಟಿನ ಬಿಳಿ ಗೆರೆ. "ಕಲ್ಲ್ ನೋಡಬ್ಯಾಡ್ರಿ, ಗೆರಿ ದಾಟ್ರಿ" ಅಂತಾರೆ ಮೇಡಂ. ಅಪ್ಪ ದಾಟಿದ. ಒಂದು, ಎರಡು, ಗೋಡೆ ತನಕ.

ಮನೆಗೆ ಬಂದು ನೆಲ ನೋಡಿದೆ. ನಮ್ಮದೂ ಪರಸಿಯೇ ಇತ್ತು. ನನ್ನ ಮದುವೆಗೆ ಅಂತ ಅದರ ಮೇಲೇ ಹೊಳೆಯೋ ಟೈಲ್ಸ್ ಹಾಕಿಸಿದ್ವಿ. ಗೆರೆಯೇ ಕಾಣದ ಹಾಗೆ ಕೂಡಿಸಿದ್ದಕ್ಕೆ ಮಿಸ್ತ್ರಿಗೆ ಬಕ್ಷೀಸು ಬೇರೆ ಕೊಟ್ಟಿದ್ದೆ. ಈಗ ಬಚ್ಚಲ ದಾರಿಗೆ ಹಳದಿ ಟೇಪು ಅಂಟಿಸಿದ್ದೇನೆ.

ತಾಳಕ್ಕೂ ಇದೇ ಗುಣ ಇದೆ. ಒಂದು ದಿನ ಯಾರೋ ಫೋನಿನಲ್ಲಿ ಹಲಗೆಯ ಬಡಿತ ಹಾಕಿದರು. ಅಪ್ಪ ಹರೆಯದಲ್ಲಿ ಊರಲ್ಲಿ ಮೊಹರಂಗೆ ಅಲಾಯಿ ಬೆಂಕಿ ಕುಣಿಯ ಸುತ್ತ ಹೆಜ್ಜೆ ಹಾಕಿದವನು. ಬೆನ್ನು ನೆಟ್ಟಗಾಯ್ತು, ಕಾಲು ಎತ್ತಿ ಇಟ್ಟ. ಚಾಚಾನೂ ಸೇರಿದರು. ರೋಗ ವಾಸಿಯಾಯ್ತು ಅಂತ ನಾನು ಹೇಳ್ತಿಲ್ಲ. ಹಲಗೆ ನಿಂತ ಮೇಲೆ ಹೆಜ್ಜೆ ಮತ್ತೆ ಸಣ್ಣದೇ. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡದವರು 2001ರಿಂದ ಪಾರ್ಕಿನ್ಸನ್ ಇರೋರಿಗೆ ಕುಣಿತದ ಕ್ಲಾಸು ನಡೆಸ್ತಿದ್ದಾರೆ. ನಮ್ಮ ಪಕ್ಕದ ಪುಣೆಯಲ್ಲೂ ಇಂಥ ಕ್ಲಾಸು ನಡೆದಿದೆ. 2012ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ನಡೆದ ಅಧ್ಯಯನದ ವರದಿ ಬಂತು. 195 ರೋಗಿಗಳು, 24 ವಾರ, ವಾರಕ್ಕೆ ಎರಡು ಸಲ ಒಂದೊಂದು ತಾಸು. ಗುಂಪಿನಲ್ಲಿ ತಾಯ್ ಚಿ ಅನ್ನೋ, ನಿಧಾನಕ್ಕೆ ಮೈ ಆಡಿಸೋ ಚೀನಾದ ವ್ಯಾಯಾಮ ಕಲಿತವರ ಬ್ಯಾಲೆನ್ಸ್, ಮೈ ಎಳೆಯೋ ವ್ಯಾಯಾಮ ಅಷ್ಟೇ ಮಾಡಿದವರಿಗಿಂತ ಚೆನ್ನಾಗಿತ್ತು, ಬೀಳೋದೂ ಕಡಿಮೆ ಆಗಿತ್ತು. ಅಲ್ಲಿ ತಾಯ್ ಚಿ ಆಗುತ್ತದೆ ಅಂದರೆ, ಇಲ್ಲಿ ನಮ್ಮ ಹೆಜ್ಜೆ ಕುಣಿತವನ್ನು ಇಟ್ಟುಕೊಂಡು ಯಾರಾದರೂ ಯಾಕೆ ಪರೀಕ್ಷೆ ಮಾಡಿ ನೋಡಬಾರದು?

ಒಂದು ಮಾತಿಗೆ ಕೆಲವರು ಬೈಬಹುದು. ವಯಸ್ಸಾದವರಿಗೆ ಅಂತ ಕುರ್ಚಿಯಲ್ಲೇ ಕೂರಿಸಿ ಕೈ ಮೇಲೆ ಕೈ ಕೆಳಗೆ ಮಾಡಿಸೋ ಕ್ಲಾಸು ಬಹಳ ಆಗಿವೆ. ಏನೂ ಮಾಡದೇ ಇರೋದಕ್ಕಿಂತ ಒಳ್ಳೇದೇ. ಆದರೆ ಕೂತು ಮಾಡಿದರೆ ನಿಲ್ಲೋದು ಬರೋದಿಲ್ಲ. ಬ್ಯಾಲೆನ್ಸ್ ಬರಬೇಕಾದರೆ ಮೈ ಸ್ವಲ್ಪ ತೂರಾಡಲೇಬೇಕು. ಹಿಡಿಯೋಕೆ ಹಿಂದೆ ಒಬ್ಬರು ಇರಬೇಕು, ಅಷ್ಟೇ. ಮನೆಯಲ್ಲಿ ಒಬ್ಬರೇ ಮಾಡೋಕೆ ಹೆದರಿಕೆ ಆಗೋದು ಇದಕ್ಕೇ, ಗುಂಪು ಬೇಕಾಗೋದೂ ಇದಕ್ಕೇ. ರೋಗ ಬಹಳ ಮುಂದೆ ಹೋದವರಿಗೆ, ಮೇಲಿಂದ ಮೇಲೆ ಬೀಳೋರಿಗೆ ಗುಂಪು ಸಾಲದು. ಅವರಿಗೆ ಒಬ್ಬೊಬ್ಬರಿಗೂ ಒಬ್ಬ ಫಿಸಿಯೊ ಅಂತಲೇ ಬೇಕು. ಮೇಡಂ ಮೊದಲು ಪರೀಕ್ಷೆ ಮಾಡಿಯೇ ಸೇರಿಸಿಕೊಳ್ಳೋದು.

ಹೊತ್ತಿನ ಲೆಕ್ಕವೂ ಇದೆ. ಮಾತ್ರೆ ಹಿಡಿದ ಮೇಲೆ, ಮೈ ಸಡಿಲ ಇದ್ದಾಗಲೇ ಕ್ಲಾಸು. ಪ್ರೋಟೀನು ಲೆವೊಡೋಪ ಮೈಗೆ ಸೇರೋದಕ್ಕೆ ಅಡ್ಡ ಬರಬಹುದು. ತೊಗರಿಯ ನಾಡಲ್ಲಿ ಹುಟ್ಟಿ ಬ್ಯಾಳಿ ಬಿಡು ಅಂದರೆ ಆಗುತ್ತದಾ? ಬಿಡೋದು ಬೇಡ. ಡಾಕ್ಟರನ್ನು ಕೇಳಿ, ಮಾತ್ರೆಯನ್ನು ಊಟಕ್ಕಿಂತ ಅರ್ಧ ತಾಸು ಮೊದಲು ಮಾಡಿದ್ವಿ. ಇನ್ನು ಬೇಸಿಗೆ. ಎದ್ದು ನಿಂತ ತಕ್ಷಣ ಬಿಪಿ ಇಳಿಯೋದು ಈ ರೋಗದಲ್ಲಿ ಸಾಮಾನ್ಯ. ನಮ್ಮ ಬಿಸಿಲಲ್ಲಿ ನೀರು ಕಡಿಮೆಯಾದರೆ ಮುಗೀತು. ಏಪ್ರಿಲ್ ಬಂದರೆ ಕ್ಲಾಸು ಏಳಕ್ಕೇ ಶುರು.

ನನಗೆ ಬೇಜಾರಾಗೋ ವಿಷಯ ಒಂದಿದೆ. ಒಂಬತ್ತರಲ್ಲಿ ಹೆಂಗಸರು ಇಬ್ಬರೇ. ಅದರಲ್ಲಿ ಒಬ್ಬ ಅವ್ವ ಹೇಳಿದರು, ರೋಗ ಮೊದಲು ಗೊತ್ತಾಗಿದ್ದು ರೊಟ್ಟಿಯಲ್ಲಿ ಅಂತ. ಬಡಿಯೋ ಕೈ ಬರಬರುತ್ತಾ ನಿಧಾನವಾಗಿ, ರೊಟ್ಟಿ ಒಂದು ಕಡೆ ದಪ್ಪ ಉಳೀತಿತ್ತಂತೆ. ಮನೆಯವರು ಎರಡು ವರ್ಷ "ಮೈಗಳ್ಳಿ ಆಗ್ಯಾಳ" ಅಂದರಂತೆ. ಗಂಡಸರ ಕೈ ನಡುಗಿದರೆ ಸೋಲಾಪುರ, ಹೈದರಾಬಾದ್ ತನಕ ಓಡ್ತೀವಿ. ಹೆಂಗಸರದ್ದು ವಯಸ್ಸಾಯ್ತು ಅಂತ ಮುಗಿಸಿಬಿಡ್ತೀವಿ.

ಕೇಳೋದು ಜಾಸ್ತಿ ಏನಿಲ್ಲ. ಕೂಡೋಕೆ ಒಂದು ಹಾಲ್, ಹತ್ತು ಕುರ್ಚಿ, ತಿಳಿದ ಒಬ್ಬ ಫಿಸಿಯೊ. ಸರ್ಕಾರಿ ಆಸ್ಪತ್ರೆಗಳು ವಾರಕ್ಕೆ ಎರಡು ಬೆಳಿಗ್ಗೆ ಕೊಟ್ಟರೂ ಸಾಕು. ಸೇಡಂ, ಆಳಂದ, ಚಿತ್ತಾಪುರದಲ್ಲೂ ಆಗಬೇಕು, ಎಲ್ಲರೂ ಇಲ್ಲಿ ತನಕ ಬಸ್ಸು ಹತ್ತಿ ಬರೋಕೆ ಆಗೋದಿಲ್ಲ. ನಮ್ಮ ಭವನದ ಕಮಿಟಿಯವರು ಬರೋ ದೀಪಾವಳಿಗೆ ಪರಸಿ ಕಿತ್ತು ಟೈಲ್ಸ್ ಹಾಕಿಸ್ತಾರಂತೆ. ಹೋದ ಗುರುವಾರ ಅಪ್ಪ ತಾನೇ ಕಾರ್ಯದರ್ಶಿಗಳ ಹತ್ತಿರ ಹೋದ. ಆರು ಕಲ್ಲಿನ ದೂರ, ಆರು ಗೆರೆ. "ಟೈಲ್ಸ್ ಹಾಕಿಸ್ರಿ, ಬ್ಯಾಡ ಅನ್ನಲ್ಲ. ಗೆರಿ ಅಷ್ಟ ಕಾಣೋಹಂಗ ಬಿಡ್ರಿ" ಅಂದ. ಅವರಿಗೆ ಅರ್ಥ ಆಗಲಿಲ್ಲ. ಮುಂದಿನ ಕ್ಲಾಸಿಗೆ ಬಂದು ಕೂತು ನೋಡ್ರಿ ಅಂತ ಕರೆದಿದ್ದೇವೆ.