ಚಿತ್ರ ಚೆನ್ನಾಗಿದೆ, ನೀರಿನ ಬಣ್ಣ ಬದಲಿಸಿ

ಕೂಡಗಿ ಉಷ್ಣ ವಿದ್ಯುತ್ ಸ್ಥಾವರವನ್ನು ಸೀಳಿ ಒಳಗಿನದನ್ನು ತೋರಿಸಿದ ಈ ಲೇಖನದ ಚಿತ್ರ ಇಷ್ಟವಾಯಿತು. 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಅಂತ ಓದಿದರೆ ಏನೂ ಕಣ್ಣಿಗೆ ಕಟ್ಟಲ್ಲ. ಬಾಯ್ಲರ್ ಪಕ್ಕ ಕಡ್ಡಿಯಷ್ಟು ಸಣ್ಣ ಮನುಷ್ಯನನ್ನು ನಿಲ್ಲಿಸಿದ್ದೀರಲ್ಲ, ಗಾತ್ರ ಗೊತ್ತಾಗಿದ್ದೇ ಅದರಿಂದ.

ಒಂದೇ ತಕರಾರು. ಎಲ್ಲ ನೀರಿಗೂ ನೀಲಿ ಯಾಕೆ? ಅಲ್ಲಿರುವುದು ಎರಡು ಬೇರೆ ದಾರಿ. ಬಾಯ್ಲರಿನ ಶುದ್ಧ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ, ಕಂಡೆನ್ಸರ್‌ನಲ್ಲಿ ಮತ್ತೆ ನೀರಾಗಿ ಬಾಯ್ಲರಿಗೇ ವಾಪಸ್. ತಂಪು ಮಾಡುವ ನೀರು ಕಂಡೆನ್ಸರ್ ಕೊಳವೆಗಳ ಒಳಗೆ ಹರಿಯುತ್ತದೆ, ಉಗಿ ಹೊರಗೆ. ಎರಡೂ ಬೆರೆಯುವುದೇ ಇಲ್ಲ. ಒಂದಕ್ಕೆ ಕೆಂಪು ಹಾಕಿದ್ದರೆ ಮುಗಿದಿತ್ತು. ಈಗ ನೋಡಿದವರು ಸ್ಥಾವರಕ್ಕೆ ಬರುವ ಆಲಮಟ್ಟಿ ಜಲಾಶಯದ ನೀರೆಲ್ಲ ಬಾಯ್ಲರಿನಲ್ಲಿ ಸುಮ್ನೆ ಕುದ್ದು ಹೋಗುತ್ತದೆ ಅಂದುಕೊಳ್ಳುತ್ತಾರೆ, ಅಲ್ವಾ? ನೀರು ಜಾಸ್ತಿ ಖರ್ಚಾಗುವುದು ಕಂಡೆನ್ಸರಿನಿಂದ ಬಿಸಿಯಾಗಿ ಬಂದ ನೀರನ್ನು ಆರಿಸುವ ಕೂಲಿಂಗ್ ಟವರಿನಲ್ಲಿ, ಆವಿಯಾಗಿ. ಅಲ್ಲೊಂದು ಬಾಣ ಬೇಕಿತ್ತು.

ಹಾಗೇ ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರದ ಚಿತ್ರವನ್ನೂ ಬರೆಯಿರಿ. ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರಲ್ಲ, ಬೆಳೆಗೆ ಬರಲ್ಲ ಅನ್ನುವ ಹಿರಿಯರು ನಮ್ಮ ಬಸವನ ಬಾಗೇವಾಡಿ ಕಡೆ ಈಗಲೂ ಸಿಗುತ್ತಾರೆ. ಟರ್ಬೈನಿನ ಬ್ಲೇಡು ತಿರುಗಿಸಿದ ನೀರು ಇದ್ದ ಹಾಗೇ ಕೃಷ್ಣೆಗೆ ಇಳಿಯುವುದನ್ನು ದೊಡ್ಡದಾಗಿ ತೋರಿಸಿ. ಅಕ್ಷರ ಕಡಿಮೆ ಇರಲಿ.